ಒರೆಸಿದವನೇ ಬರೆಯಬೇಕು

ತೊಂಬತ್ತರ ದಶಕದಲ್ಲಿ ನಾನು ಗುಂಡ್ಲುಪೇಟೆಯ ಆಸ್ಪತ್ರೆಯೊಂದರಲ್ಲಿ ಇಸಿಜಿ ತೆಗೆಯುತ್ತಿದ್ದೆ. ಒಂದು ದಿನ ಹಂಗಳದ ತಾತನೊಬ್ಬನನ್ನು ಮಗಳು ಬಸ್ಸಿನಲ್ಲಿ ಕರೆತಂದಳು. ಮೂರು ದಿನದಿಂದ ಎಡಗಡೆ ಎದೆಯಲ್ಲಿ ಉರಿನೋವು. "ಹಾರ್ಟೇ ಕಣಣ್ಣ," ಎಂದು ಅವಳು ಆಗಲೇ ಅಳುತ್ತಿದ್ದಳು.

ತಾತ ಅಂಗಿ ಬಿಚ್ಚಲೊಲ್ಲ. ಬಲವಂತವಾಗಿ ಬಿಚ್ಚಿಸಿದರೆ, ಎದೆಯಿಂದ ಬೆನ್ನಿನವರೆಗೆ ಕೆಮ್ಮಣ್ಣಿನಲ್ಲಿ ಬರೆದ ಹಾವು! ಮಣ್ಣಿನ ಮೇಲೆ, ಚರ್ಮಕ್ಕೆ ಕಚ್ಚಿಕೊಳ್ಳಬೇಕಾದ ಇಸಿಜಿಯ ರಬ್ಬರ್ ಬಲ್ಬು ಕೂರುವುದಿಲ್ಲ. ಒದ್ದೆ ಹತ್ತಿಯಲ್ಲಿ ಒರೆಸಿಬಿಟ್ಟೆ. ಕೆಳಗೆ ಸಾಲಾಗಿ ನೀರುಗುಳ್ಳೆ. ಸರ್ಪಸುತ್ತು! ಅದಕ್ಕೆ ಮದ್ದೆಂದು ಊರಲ್ಲಿ ಹಾವು ಬರೆಸಿಕೊಂಡಿದ್ದ.

"ಮೊದಲೇ ಹೇಳಬಾರದಾ ತಾತ?"

"ಏಳಿದ್ರೆ ಸೂಜಿ ಚುಚ್ಬುಡ್ತೀರಿ. ನಂಜೇರ್ತದೆ."

ಆದರೂ ವಯಸ್ಸಾದವರ ಎದೆನೋವನ್ನು ಕಣ್ಣಳತೆಯಲ್ಲಿ ತೀರ್ಮಾನಿಸಬಾರದೆಂದು ಡಾಕ್ಟರು ಇಸಿಜಿ ಮಾಡಿಸಿದರು. ಗುಳ್ಳೆ ತಪ್ಪಿಸಿ ಬಲ್ಬು ಕೂರಿಸಿದೆ. ಗೆರೆಗಳೆಲ್ಲ ಸರಿಯಾಗಿದ್ದವು. "ಹಾರ್ಟ್ ಗಟ್ಟಿಯಾಗಿದೆ. ನೋವು ಸರ್ಪಸುತ್ತಿಂದು," ಎಂದು ಮಾತ್ರೆ ಬರೆದರು. ಮಗಳು ಅಳುತ್ತಲೇ ನಕ್ಕಳು.

ತಾತ ನಗಲಿಲ್ಲ. "ಒರೆಸ್ಬುಟ್ಯಲ್ಲಪ್ಪ, ನೀನೇ ಬರ್ಕೊಡು. ಅಲ್ಲೀಗಂಟ ಏಳಕಿಲ್ಲ. ತಲೆ ಬಾಲ ಮಾತ್ರ ಸೇರಿಸ್ಬ್ಯಾಡ, ಜೀವ ಓಯ್ತದೆ," ಎಂದು ಮಂಚದಲ್ಲೇ ಕೂತ.

ಹೊರಗೆ ಜನ ಕಾಯುತ್ತಿದ್ದರು. ವಿಧಿಯಿಲ್ಲದೆ ಗಾಯಕ್ಕೆ ಹಚ್ಚುವ ಕೆಂಪು ಔಷಧಿಯಲ್ಲಿ ಹತ್ತಿ ಅದ್ದಿ, ಗುಳ್ಳೆಗಳಿಂದಾಚೆ ಹಾವು ಬರೆಯತೊಡಗಿದೆ. ಮೂಢನಂಬಿಕೆ ಕಂಡರೆ ಉರಿದುಬೀಳುವ ಡಾಕ್ಟರು ಅಷ್ಟರಲ್ಲಿ ಹಿಂದೆ ಬಂದು ನಿಂತರು.

ಅವರು ಬಗ್ಗಿ ನೋಡಿ, ನನ್ನ ಕಿವಿಯಲ್ಲಿ ಮೆಲ್ಲಗೆ ಹೇಳಿದರು: "ಬಾಲ ಇನ್ನೂ ಸ್ವಲ್ಪ ದೂರ ಇಡಯ್ಯ. ಯಾಕೆ ಸುಮ್ಮನೆ?"