ಮೇಣ ಬೀಳದ ಹಲಗೆ

ಇನ್ನಂಜೆಯ ಪ್ರಫುಲ್ಲಾ ಹನ್ನೊಂದು ವರ್ಷಗಳಿಂದ ಹಲಗೆಯ ತುಂಡುಗಳನ್ನು ನೀರಿನಲ್ಲಿ ಮುಳುಗಿಸುತ್ತಿದ್ದಳು. ಅದೇ ಅವಳ ಉದ್ಯೋಗ. ಕಾರ್ಕಳದ ಕಡೆ ಮರದ ನಾರಿಗೆ ಅಂಟು ಸೇರಿಸಿ, ಬಿಸಿ ಪ್ರೆಸ್ಸಿನಲ್ಲಿ ಒತ್ತಿ ಎಂಡಿಎಫ್ ಹಲಗೆ ಮಾಡುವ ಫ್ಯಾಕ್ಟರಿಯೊಂದರ ಲ್ಯಾಬಿನಲ್ಲಿದ್ದಳು. ಒತ್ತುವ ಮೊದಲು ನಾರಿನ ಮೇಲೆ ಹಾಲಿನಂಥ ಮೇಣದ ದ್ರಾವಣ ಸಿಂಪಡಿಸುತ್ತಾರೆ. ಮೇಣ ನೀರನ್ನು ಪೂರ್ತಿ ತಡೆಯುವುದಿಲ್ಲ, ಒಳಗಿಳಿಯುವುದನ್ನು ನಿಧಾನಿಸುತ್ತದೆ. ಹದಿನೆಂಟು ಮಿಲಿಮೀಟರ್ ದಪ್ಪದ ತುಂಡು ಒಂದು ದಿನ ನೀರಿನಲ್ಲಿದ್ದರೂ ಇಪ್ಪತ್ತನ್ನು ದಾಟಬಾರದು.

ಕಳೆದ ಜೂನಿನಲ್ಲಿ ಒಂದು ತುಂಡು ಇಪ್ಪತ್ತಮೂರಕ್ಕೆ ಊದಿತು. ಅಂಚು ಬೆರಳಲ್ಲಿ ಒತ್ತಿದರೆ ನೆನೆದ ರೊಟ್ಟಿಯ ಹಾಗೆ ಕುಸಿಯಿತು. ಪ್ರಫುಲ್ಲಾ ಓಡಿಹೋಗಿ ನೋಡಿದರೆ ಮೇಣದ ಪಂಪಿನ ಬಾಯಿ ಕಟ್ಟಿಕೊಂಡಿತ್ತು. ಎಷ್ಟು ಹೊತ್ತಿನಿಂದ ಎಂದು ಯಾರಿಗೂ ಗೊತ್ತಿರಲಿಲ್ಲ.

"ಒಂದೇ ತುಂಡಲ್ವಾ?" ಎಂದರು ಮ್ಯಾನೇಜರ್ ಕರುಣಾಕರ. "ಪಂಪು ಸರಿ ಮಾಡಿಸಿದ್ದೇನೆ. ಈಗಿನ ಹಲಗೆಯಿಂದ ಇನ್ನೊಂದು ತುಂಡು ಕೊಯ್ದು ನೋಡಿ."

"ಅದು ಪಾಸಾಗ್ತದೆ ಸರ್. ಆದರೆ ನಿನ್ನೆಯ ಹಲಗೆಗಳು?"

"ಲೋಡಾಗಿ ಆಯ್ತು. ಅವನ್ನು ವಾಪಸ್ ಇಳಿಸಿದರೆ ನನ್ನನ್ನೂ ಇಳಿಸ್ತಾರೆ. ಎಂತ ಮಾಡುವುದು, ನೀವೇ ಹೇಳಿ."

ಪ್ರಫುಲ್ಲಾ ಎರಡನೇ ತುಂಡನ್ನು ಒಂದು ದಿನ ನೆನೆಸಿ ಅಳೆದು, ಲೋಡಾದ ಹಲಗೆಗಳ ಲೆಕ್ಕಕ್ಕೇ ಅದರ ಅಂಕಿ ಬರೆದು ಸಹಿ ಮಾಡಿದಳು.

ಕಾಪುವಿನಲ್ಲಿ ಮೀನು ಮಾರುವ ರತ್ನಾವತಿ ಅವಳ ದೊಡ್ಡಮ್ಮನ ಮಗಳು. ಮೂವತ್ತು ವರ್ಷ ನೆಲದಲ್ಲಿ ಕೂತು ಅಡಿಗೆ ಮಾಡಿದವಳು ಆ ಆಗಸ್ಟಿನಲ್ಲಿ ಕಟ್ಟೆ, ಕಪಾಟುಗಳ ಅಡಿಗೆಮನೆ ಮಾಡಿಸಿದ್ದಳು. ಯಾವ ಹಲಗೆ ಹಾಕಿಸುವುದೆಂದು ಕೇಳಿದಾಗ ಪ್ರಫುಲ್ಲಾ ಹಿಂದೆಯೇ ಹೇಳಿದ್ದಳು, "ನಮ್ಮದೇ ಹಾಕಿಸಿ ರತ್ನಕ್ಕ. ಪರೀಕ್ಷೆ ಮಾಡುವವಳು ನಾನೇ."

ದೀಪಾವಳಿಗೆ ಪ್ರಫುಲ್ಲಾ ಅಲ್ಲಿಗೆ ಹೋದಾಗ ಕೆಳಗಿನ ಕಪಾಟಿನ ಬಾಗಿಲುಗಳು ಮುಚ್ಚುತ್ತಿರಲಿಲ್ಲ. ಸಿಂಕಿನ ಅಡಿ ಹಲಗೆ ಉಬ್ಬಿ, ಪದರ ಬಿಟ್ಟಿತ್ತು.

"ನಾನು ನೀರು ಹೆಚ್ಚು ಚೆಲ್ಲಿದ್ದು ಮಾರಾಯ್ತಿ," ಎಂದಳು ರತ್ನಾವತಿ. "ಮೀನು ತೊಳೆಯುವ ಮನೆ ಅಲ್ವಾ. ಬಾಗಿಲು ಹಾಕಿದ ಆಚಾರಿ ಕೂಡ ಹಾಗೇ ಹೇಳಿದ."

ಪ್ರಫುಲ್ಲಾ ಮಂಡಿಯೂರಿ ಬಾಗಿಲ ಹಿಂಬದಿ ನೋಡಿದಳು. ಅಲ್ಲಿ ಒತ್ತಿದ್ದ ತಾರೀಕು ಅರ್ಧ ಮಾಸಿದ್ದರೂ ಓದಲಿಕ್ಕೆ ಬರುತ್ತಿತ್ತು. ಜೂನಿನಲ್ಲಿ ಊದಿದ ತುಂಡನ್ನು ಕೊಯ್ದ ಅದೇ ದಿನ.

"ನಿಮ್ಮದು ತಪ್ಪಲ್ಲ ರತ್ನಕ್ಕ. ಇದಕ್ಕೆ ಮೇಣ ಬಿದ್ದಿರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ಸಹಿ ಹಾಕಿದೆ."

ರತ್ನಾವತಿ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಉಬ್ಬಿದ ಅಂಚನ್ನು ಬೆರಳಲ್ಲಿ ಸವರಿ ಕೇಳಿದಳು, "ಈಗ ಹೊರಗಿಂದ ಮೇಣ ಹಚ್ಚಿದರೆ ಆಗ್ತದಾ?"

"ಇಲ್ಲ. ಒತ್ತುವ ಮೊದಲೇ ನಾರಿನೊಳಗೆ ಹೋಗಬೇಕಿತ್ತು."

ಮರುದಿನ ಪ್ರಫುಲ್ಲಾ ಮೊದಲ ತುಂಡಿನ ಅಂಕಿಯನ್ನು ಬರೆದು, ಹಲಗೆಗಳನ್ನು ವಾಪಸ್ ತರಿಸಬೇಕೆಂದು ಕಂಪನಿಯ ಮೇಲಿನವರಿಗೆ ಪತ್ರ ಕೊಟ್ಟಳು. ಯಾವ ಹಲಗೆ ಯಾವ ಮನೆಗೆ ಹೋಯಿತೆಂದು ತಮ್ಮಲ್ಲಿ ವಿವರವಿಲ್ಲ ಎಂಬ ಉತ್ತರ ಬಂತು. ವಾರದೊಳಗೆ ಅವಳನ್ನು ಪ್ಯಾಕಿಂಗ್ ವಿಭಾಗಕ್ಕೆ ಹಾಕಿದರು. ಕರುಣಾಕರ ಎದುರು ಸಿಕ್ಕಾಗಲೆಲ್ಲ ತಲೆ ತಗ್ಗಿಸಿ ಹೋಗುತ್ತಿದ್ದರು.

ಕಾಪುವಿನಲ್ಲಿ ರತ್ನಾವತಿ ಬಾಗಿಲು ಕಳಚಿ ಹಳೆಯ ಸೀರೆಯ ಪರದೆ ಕಟ್ಟಿದಳು. ಅಂಥ ಇನ್ನೆಷ್ಟು ಮನೆಗಳಲ್ಲಿ ಹೆಂಗಸರು, ನೀರು ಚೆಲ್ಲಿದ್ದು ತಮ್ಮದೇ ತಪ್ಪು ಎಂದುಕೊಂಡಿದ್ದಾರೋ, ಪ್ರಫುಲ್ಲಾಗೆ ತಿಳಿಯುವ ದಾರಿ ಇರಲಿಲ್ಲ.