ಇಬ್ಬರಿಗೆ ಒಂದು ಸೀರೆ

ನಮ್ಮ ಅವ್ವ ಬೆಂಕಿಕಡ್ಡಿ ಗೀರಿದ್ದನ್ನು ನಾನು ನೋಡಿದ್ದು ಕಡಿಮೆ. ಬೆಳಿಗ್ಗೆ ನನ್ನ ಕೈಗೆ ಕುಳ್ಳಿನ ಚೂರು ಕೊಟ್ಟು ಪಕ್ಕದ ಮನೆಗೆ ಕಳಿಸುತ್ತಿದ್ದಳು. ಅವರ ಒಲೆಯ ಕೆಂಡದಿಂದ ಅದಕ್ಕೆ ಕಿಡಿ ಹಚ್ಚಿಕೊಂಡು, ಊದುತ್ತಾ ತರುತ್ತಿದ್ದೆ. ಜೋಳದ ಹಿಟ್ಟು ಜರಡಿ ಹಿಡಿದ ಮೇಲೆ ಉಳಿದ ತೌಡು ಅಂಬಲಿಗೆ ಬೀಳುತ್ತಿತ್ತು. ಬಟ್ಟೆ ಒಗೆಯಲು ಹಳ್ಳದ ದಂಡೆಯ ಸವಳು ಮಣ್ಣು. ಇದೆಲ್ಲ ನನಗೆ ಬಡತನ ಅನ್ನಿಸುತ್ತಿರಲಿಲ್ಲ. ಎಲ್ಲರ ಮನೆಯೂ ಹೀಗೇ ಇರುತ್ತದೆ ಅಂದುಕೊಂಡಿದ್ದೆ.

ಆಗ ದೂರದಲ್ಲೆಲ್ಲೋ ದೊಡ್ಡ ಲಡಾಯಿ ನಡೆದಿತ್ತು. ನಿಜಾಮರ ಸೀಮೆಯ ಮೂಲೆಯಲ್ಲಿದ್ದ ನಮ್ಮೂರಿಗೆ, ಸಿರ್ಗಾಪುರದ ಬದಿಯ ಆ ಸಣ್ಣ ಹಳ್ಳಿಗೆ, ಲಡಾಯಿ ಬಂದದ್ದು ಬಟ್ಟೆಯ ರೂಪದಲ್ಲಿ. ಸರ್ಕಾರದ ಚೀಟಿ ಇಲ್ಲದೆ ಬಟ್ಟೆ ಸಿಗುತ್ತಿರಲಿಲ್ಲ, ಚೀಟಿ ಇದ್ದವರಿಗೂ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಅಪ್ಪ ಬೇರೆಯವರ ಕುರಿ ಮೇಯಿಸಲು ಮಂಜೀರಾ ನದಿಯ ಕಡೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಮನೆಯಲ್ಲಿ ಅವ್ವ, ನನಗಿಂತ ಏಳೆಂಟು ವರ್ಷ ದೊಡ್ಡವಳಾದ ಅಕ್ಕ, ನಾನು.

ಅವ್ವನಿಗೂ ಅಕ್ಕನಿಗೂ ಸೇರಿ ನೆಟ್ಟಗಿದ್ದದ್ದು ಒಂದೇ ಸೀರೆ. ಇನ್ನೊಂದು ನಡುವೆ ಸವೆದು ಹೋಗಿತ್ತು. ಅವ್ವ ಆ ಭಾಗ ಕತ್ತರಿಸಿ ತೆಗೆದು, ಉಳಿದ ಎರಡು ತುಂಡು ಕೂಡಿಸಿ ಹೊಲಿದಿದ್ದಳು. ಅದನ್ನು ಉಟ್ಟರೆ ಮೊಣಕಾಲು ಮುಚ್ಚುತ್ತಿರಲಿಲ್ಲ, ಸೆರಗು ಹೆಗಲಿಗೆ ಸಾಲುತ್ತಿರಲಿಲ್ಲ. ಯಾರು ಹೊರಗೆ ಹೋಗಬೇಕೋ ಅವರು ಒಳ್ಳೆಯ ಸೀರೆ ಉಡುವುದು, ಉಳಿದವರು ತುಂಡು ಸುತ್ತಿಕೊಂಡು ಒಳಗಿರುವುದು. ಇಬ್ಬರೂ ಒಟ್ಟಿಗೆ ಹೊಸ್ತಿಲು ದಾಟಿದ್ದನ್ನು ಆ ವರ್ಷ ನಾನು ನೋಡಲಿಲ್ಲ.

ಸುಗ್ಗಿಯ ಒಂದು ದಿನ ಅಕ್ಕ ತೊಗರಿ ಕೊಯ್ಯಲು ಹೋಗಿದ್ದಳು. ಹೊತ್ತು ಏರುವಾಗ ಅವ್ವನ ತವರೂರು ಕಲ್ಹೇರದಿಂದ ಒಬ್ಬರು ನಡೆದು ಬಂದು ಅಂಗಳದಲ್ಲಿ ನಿಂತರು. ಅವ್ವ ಬಾಗಿಲ ಹಿಂದೆ ನಿಂತು ಮಾತಾಡಿದಳು.

“ತಂಗಿ, ನಿಮ್ಮವ್ವಗ ಭಾಳ ಜಡ್ಡಾಗ್ಯಾದ. ಮಗಳ್ನ ಕರೀರಿ ಅಂತ ಒಂದೇ ಸಮ್ನ ಅನ್ನಾಕತ್ತಾಳ. ಈಗೇ ನಡಿ.”

“ಅಣ್ಣಾ, ನೀವು ಮುಂದ ನಡೀರಿ. ನಾ ಹಿಂದೇ ಬರ್ತೀನ್ರಿ.”

“ಕೂಡೇ ಬಾ. ಹೊತ್ತು ಮಾಡಬ್ಯಾಡ.”

ಅವ್ವ ಬಾಗಿಲನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ಬಂದವರಿಗೆ ಅರ್ಥವಾಯಿತೇನೋ, ತಲೆ ತಗ್ಗಿಸಿ ಹೋದರು.

ಓಣಿಯ ಹೆಂಗಸರೆಲ್ಲ ಹೊಲದಲ್ಲಿದ್ದರು. ಎದುರು ಮನೆಯ ಮುದುಕಿ ಒಬ್ಬಳೇ ಇದ್ದಳು, ಗಂಡ ಸತ್ತವಳು. ಮಾತು ಕೇಳಿಸಿಕೊಂಡು ತಾನೇ ಬಂದಳು. “ನಂದು ಉಟ್ಕೊಂಡು ಹೋಗು. ನಾ ಕೌದಿ ಸುತ್ಕೊಂಡು ಮನ್ಯಾಗ ಕುಂಡ್ರತೀನಿ,” ಅಂದಳು. ಅವಳದು ಬಿಳಿ ಸೀರೆ. ಅವ್ವ ಅದರ ಸೆರಗು ಹಿಡಿದು ನೋಡಿದಳು, ಬಿಟ್ಟಳು. ಗಂಡ ಇರುವ ಹೆಂಗಸು ಬಿಳಿ ಸೀರೆ ಉಟ್ಟು, ಸಾಯುತ್ತಿರುವ ತಾಯಿಯ ಮುಂದೆ ಹೋಗಿ ನಿಲ್ಲುವುದು ಹೇಗೆ? ನನ್ನ ಕಡೆ ತಿರುಗಿ, “ಓಡು, ಅಕ್ಕನ್ನ ಕರ್ಕೊಂಡು ಬಾ,” ಅಂದಳು.

ಓಡಿದೆ. ಅಕ್ಕ ಆ ದಿನ ಯಾವ ಹೊಲಕ್ಕೆ ಹೋಗಿದ್ದಾಳೆಂದು ನನಗೆ ಸರಿಯಾಗಿ ಗೊತ್ತಿರಲಿಲ್ಲ. ಒಂದು ಹೊಲಕ್ಕೆ ಹೋಗಿ ಕೇಳಿ, ಅಲ್ಲಿಲ್ಲವೆಂದು ಹಳ್ಳ ದಾಟಿ ಇನ್ನೊಂದಕ್ಕೆ ಹೋದೆ. ತೊಗರಿ ಗಿಡ ನನಗಿಂತ ಎತ್ತರ. ಅದರೊಳಗೆ ನಿಂತು ಅಕ್ಕಾ ಅಕ್ಕಾ ಎಂದು ಕೂಗಿದೆ. ಅಕ್ಕ ಸಿಕ್ಕಾಗ ಹೊತ್ತು ನೆತ್ತಿಯಿಂದ ಇಳಿದಿತ್ತು. ಸುದ್ದಿ ಕೇಳಿದವಳೇ ಕುಡುಗೋಲು ಅಲ್ಲೇ ಬಿಟ್ಟು, ಸೀರೆ ಮೇಲೆತ್ತಿಕೊಂಡು ಓಡಿದಳು. ಮುಳ್ಳಿಗೆ ಸಿಕ್ಕಿ ಹರಿಯಬಾರದೆಂದು ಆ ಅವಸರದಲ್ಲೂ ಬೇಲಿಯನ್ನು ಸುತ್ತಿ ಹೋದಳು.

ಅವ್ವ ಬೆವರಿನಿಂದ ಒದ್ದೆಯಾಗಿದ್ದ ಸೀರೆಯನ್ನೇ ಉಟ್ಟು ಹೊರಟಳು. ಅಕ್ಕ ತುಂಡು ಸುತ್ತಿಕೊಂಡು ಕೂತು ಅತ್ತಳು. “ನಾ ಇವತ್ತ ಹೋಗಬಾರ್ದಿತ್ತು,” ಎಂದು ಮತ್ತೆ ಮತ್ತೆ ಅಂದಳು. ಅವಳು ಹೋಗದಿದ್ದರೆ ಮನೆಗೆ ಕಾಳು ಬರುತ್ತಿರಲಿಲ್ಲ. ನಾನು ಕೊಡ ತಗೊಂಡು ನೀರಿಗೆ ಹೋದೆ.

ಅವ್ವ ಕಲ್ಹೇರ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಊರ ಹೊರಗೆ, ಹೊತ್ತು ಮುಳುಗುವ ಮೊದಲೇ ಆಗಲೆಂದು ಮಣ್ಣು ಮಾಡಿ ಬರುವವರು ಎದುರಾದರಂತೆ. ಮಣ್ಣು ಮತ್ತೆ ತೆಗೆಯಿರಿ ಎಂದು ಯಾರಿಗೆ ಹೇಳುವುದು?

ಮೂರು ದಿನ ಅಕ್ಕನಿಗೆ ಕೆಲಸಕ್ಕೆ ಹೋಗಲಾಗಲಿಲ್ಲ. ನಾಲ್ಕನೆಯ ದಿನ ಅವ್ವ ಬಂದಳು, ಬಗಲಲ್ಲಿ ಒಂದು ಗಂಟು. ಅದರಲ್ಲಿ ಅಜ್ಜಿಯ ಹಸಿರು ಸೀರೆ ಇತ್ತು. ಅಜ್ಜ ಕೊಟ್ಟು ಕಳಿಸಿದ್ದ. ಎಲ್ಲಿಯೂ ಹರಿದಿರಲಿಲ್ಲ. ಅವ್ವ ಅದನ್ನು ಅಕ್ಕನ ಮುಂದೆ ಇಟ್ಟಳು.

“ನೀ ಉಟ್ಕೊ. ನನ್ನ ಕೈಲೆ ಆಗಂಗಿಲ್ಲ.”

“ಬ್ಯಾಡವ್ವ, ಇರ್ಲಿ.”

“ಇಟ್ಟು ಏನ್ ಮಾಡ್ತಿ? ನಾಳಿ ಕೆಲಸಕ್ಕ ಹೋಗಬೇಕಲ್ಲ.” ಆಮೇಲೆ ಗೋಡೆಗೆ ಒರಗಿ, ನಮ್ಮಿಬ್ಬರಿಗೂ ಅಲ್ಲದಂತೆ ಅಂದಳು: “ಬಿಳಿದೇ ಉಟ್ಕೊಂಡು ಹೋಗಿದ್ರ ಅವ್ವನ ಮಾರಿ ನೋಡಾಕ ಸಿಗ್ತಿತ್ತು.”

ಮರುದಿನ ಬೆಳಿಗ್ಗೆ ಅಕ್ಕ ಹಸಿರು ಸೀರೆ ಉಟ್ಟು ರೊಟ್ಟಿಗೆ ಬಂದು ಕೂತಳು. ಅವ್ವ ಅವಳ ಕಡೆ ನೋಡದೆ ರೊಟ್ಟಿ ಹಾಕಿದಳು. ಅಕ್ಕ ಸೆರಗನ್ನೆಲ್ಲ ಮುದುರಿ, ಆದಷ್ಟೂ ಅವ್ವನಿಗೆ ಕಾಣದ ಹಾಗೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆದರೆ ಒಂದು ಸೀರೆಯನ್ನು ಎಷ್ಟು ಮುದುರಿದರೂ ಅದು ಎಲ್ಲಿಗೆ ಹೋಗುತ್ತದೆ?