ಕರಡಿಗೆಯೊಳಗಿನ ಗೀರು

ಆಗೆಲ್ಲ ಏಪ್ರಿಲ್ ಹತ್ತಕ್ಕೆ ಫಲಿತಾಂಶ ಕೇಳಿದ್ದೇ ತಡ, ಹನ್ನೊಂದಕ್ಕೆ ನಾನು ಹುಕ್ಕೇರಿ ಬಸ್‌ಸ್ಟ್ಯಾಂಡಿನಲ್ಲಿ ಚೀಲ ಹಿಡಿದು ನಿಂತಿರುತ್ತಿದ್ದೆ. ಪಾಸೋ ನಪಾಸೋ, ಎರಡು ತಿಂಗಳು ಮೂಡಲಗಿಯ ಆಯಿಯ ಮನೆ ನನ್ನದು. ಆಯಿ ಅಂದರೆ ನಮ್ಮವ್ವನ ಅವ್ವ. ಆ ಮನೆಯಲ್ಲಿ ಊಟಕ್ಕೂ ಬರವಿಲ್ಲ, ಬೈಗುಳಕ್ಕೂ ಬರವಿಲ್ಲ. ಕಟ್ಟಳೆ ಮಾತ್ರ ಒಂದೇ.

"ಲಿಂಗಪೂಜಿ ಆಗೂತನಕ ಹನಿ ನೀರೂ ಇಲ್ಲ. ಅಳೂದಿದ್ರ ಪೂಜಿ ಮಾಡಿ ಆಮ್ಯಾಲೆ ಅಳ್ರಿ!"

ಈ ಮಾತು ನನಗೂ ಮಲ್ಲುವಿಗೂ ಸೇರಿಸಿ. ಮಲ್ಲು ಬಾಜೂ ಮನೆಯ ಅಜ್ಜಿಯ ಮೊಮ್ಮಗ. ಅವನ ಅಪ್ಪ ಗೋಕಾಕ ಫಾಲ್ಸಿನಲ್ಲಿ ಗಿರಣಿ ಕೆಲಸಕ್ಕಿದ್ದರು. ರಜೆಗೆ ಬರುವಾಗ ಅವನು ತಪ್ಪದೆ ಒಂದು ಡಬ್ಬಿ ಕರದಂಟು ತರುತ್ತಿದ್ದ, ಅದರಲ್ಲಿ ಅರ್ಧ ದಾರಿಯಲ್ಲೇ ಮುಗಿಸಿರುತ್ತಿದ್ದ. ಇಬ್ಬರಿಗೂ ಹನ್ನೊಂದು ವರ್ಷ. ಒಂದು ಕರು ಕಾಯೋದೂ ಅಷ್ಟೇ, ಎರಡು ಕಾಯೋದೂ ಅಷ್ಟೇ ಎಂದು ಆಯಿ ಇಬ್ಬರನ್ನೂ ಪಡಸಾಲೆಯಲ್ಲಿ ಎದುರು ಬದುರು ಕೂರಿಸಿ ಪೂಜೆ ಮಾಡಿಸುತ್ತಿದ್ದಳು. ಕೊರಳಿನ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಅಂಗೈ ಮೇಲಿಟ್ಟು, ನೀರು ಹಾಕಿ, ವಿಭೂತಿ ಹಚ್ಚಿ, ಪತ್ರಿ ಏರಿಸಬೇಕು.

"ಅದು ಬರೇ ಲಿಂಗ ಅಲ್ಲ, ನಿಮ್ಮ ಜೀವಾ. ಇನ್ನೊಬ್ಬರ ಕೈಗೆ ಹೋಗಬಾರದು, ಜ್ವಾಕಿ" ಎನ್ನುತ್ತಿದ್ದಳು ಆಯಿ.

ಆ ದಿನ ಅಡುಗೆಮನೆಯಲ್ಲಿ ಮಾವಿನ ಹಣ್ಣಿನ ಶೀಕರಣಿ. ಯಾಲಕ್ಕಿಯ ಘಮ ಪಡಸಾಲೆಗೆ ಬಂದು ನಮ್ಮ ಮೂಗು ಹಿಡಿದು ಎಳೆಯುತ್ತಿತ್ತು. ಕಣ್ಣೇನೋ ಮುಚ್ಚಿದ್ದೆವು, ಧ್ಯಾನವೆಲ್ಲ ಬೋಗುಣಿಯ ಮೇಲೆ. ಪೂಜೆ ಮುಗಿಸುವ ಗಡಿಬಿಡಿಯಲ್ಲಿ ಇಬ್ಬರೂ ಲಿಂಗಗಳನ್ನು ಪತ್ರಿಯ ಒಂದೇ ತಟ್ಟೆಯಲ್ಲಿಟ್ಟು ಕೈ ಒರೆಸಿಕೊಂಡೆವು. "ಬರ್ರೆಪಾ ಉಣ್ಣಾಕ!" ಎಂದು ಆಯಿ ಕರೆದದ್ದೇ ಕೈಗೆ ಸಿಕ್ಕಿದ್ದನ್ನು ಕರಡಿಗೆಗೆ ಹಾಕಿ ಓಡಿದೆವು.

ಎರಡನೇ ಬಟ್ಟಲಿಗೆ ನನ್ನ ಕೈ ನಿಂತಿತು.

"ಮಲ್ಲ್ಯಾ, ನೀ ಯಾವ ಲಿಂಗ ತಗೊಂಡಿ?"

"ನನ್ನ ಮುಂದಿಂದು."

"ನನ್ನ ಮುಂದನೂ ಅದ ತಾಟ ಇತ್ತಲ್ಲೋ!"

ಹಿತ್ತಲಿಗೆ ಹೋಗಿ ತೆಗೆದು ನೋಡಿದರೆ ಎರಡೂ ಕಾಡಿಗೆಯಷ್ಟು ಕಪ್ಪು, ಎರಡೂ ಒಂದೇ ಅಳತೆ. ಮಲ್ಲು ತಲೆ ತಗ್ಗಿಸಿ "ಗೊತ್ತಾಗವಲ್ದು" ಎಂದುಬಿಟ್ಟ. ನನ್ನ ಜೀವ ಈ ಮಂಗ್ಯಾನ ಕೊರಳಲ್ಲಿದ್ದರೆ ಏನು ಗತಿ? ಮಧ್ಯಾಹ್ನ ಇಬ್ಬರೂ ಹಸಿವಿಲ್ಲ ಎಂದು ರೊಟ್ಟಿ ಮುಟ್ಟಲಿಲ್ಲ. ಅಷ್ಟು ಸಾಲದೆಂಬಂತೆ ಮಲ್ಲು ಬೇಸರಕ್ಕೆ ಓಣಿಯ ಹುಣಸೆ ಮರ ಹತ್ತಿದ. ಹತ್ತಿದವನು ತುದಿಯ ಕೊಂಬೆಗೇ ಹೋಗಬೇಕೇ! ನಾನು ಕೆಳಗೆ ನಿಂತು ಓಣಿಯೆಲ್ಲ ಕೇಳುವಂತೆ ಚೀರಿದೆ.

"ಇಳಿಯೋ ಕೆಳಗ! ನನ್ನ ಜೀವಾ ಐತಿ ನಿನ್ನ ಕೊಳ್ಳಾಗ!"

ಅಯ್ಯೋ, ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು. "ಎವ್ವಾ, ಈಗಿನಿಂದನ ಜೀವಾ ಕೊಟ್ಟಾಳ ನೋಡ್ರಿ!" ಎಂದಳು ಒಬ್ಬಳು. ಆಯಿ ಹೊರಗೆ ಬಂದಳು. ನಾನು ಅಳುತ್ತಾ ಎಲ್ಲ ಹೇಳಿದೆ.

ಬೈಯುತ್ತಾಳೆಂದುಕೊಂಡರೆ ಬೈಯಲಿಲ್ಲ. ಎರಡೂ ಲಿಂಗ ತೊಳೆದು ತನ್ನ ಅಂಗೈ ಮೇಲಿಟ್ಟು ಕಣ್ಣು ಮುಚ್ಚಿ ಬಹಳ ಹೊತ್ತು ಕೂತಳು. ಆಮೇಲೆ "ಇದು ನಿಂದು, ಇದು ಅವಂದು. ನಮಗ ತಪ್ಪಿದ್ರೂ ಶಿವಗ ತಪ್ಪೂದಿಲ್ಲ" ಎಂದು ಕೊಟ್ಟಳು. ನನಗೆ ಹೋದ ಜೀವ ಬಂತು. ಮೂರು ರೊಟ್ಟಿ ತಿಂದೆ.

ಮರುದಿನ ಪೂಜೆಗೆ ಕೂತಾಗ ಹೆಬ್ಬೆರಳಿಗೆ ಲಿಂಗದ ಅಡಿಯಲ್ಲೊಂದು ಗೀರು ತಾಗಿತು. ನನ್ನದರಲ್ಲಿ ಗೀರು ಇರಲೇ ಇಲ್ಲ! ಆಯಿ ಒಳಗೆ ಹೋಗುವುದನ್ನೇ ಕಾದು ಮಲ್ಲುವನ್ನು ಹಿಡಿದೆ.

"ಅದು ನಂದು. ನಮ್ಮೂರ ಬಾಜೂ ಧುಪದಾಳದಾಗ ಹೊಳಿ ದಂಡಿಗಿ ಕಲ್ಲಿನ ಮ್ಯಾಲೆ ಬಿದ್ದಿತ್ತ" ಎಂದು ಒಪ್ಪಿಕೊಂಡ. "ಲಿಂಗ ಕೆಡವಿದ್ದು ಗೊತ್ತಾದ್ರ ನಮ್ಮವ್ವ ಚರ್ಮಾ ಸುಲೀತಾಳ. ಅದಕ್ಕ ನಿನ್ನೆ ಸುಮ್ಮನಿದ್ದೆ."

"ಹಂಗಾರ ಈಗ ಬದ್ಲಿ ಮಾಡು."

"ನಿನ್ನ ಹತ್ರನ ಇರಲಿ. ನೀ ಜ್ವಾಕಿ ಮಾಡ್ತಿ, ನನ್ನ ಹತ್ರ ಮತ್ತ ಬೀಳತೈತಿ."

ಮುಂದಿನ ರಜೆಗೆ ಬದಲಿಸೋಣ ಎಂದುಕೊಂಡೆವು. ಮುಂದಿನ ರಜೆಗೆ ಅವನು ಕೇಳಲಿಲ್ಲ, ನಾನೂ ಕೊಡಲಿಲ್ಲ. ಅದರ ಮುಂದಿನ ರಜೆಗೂ ಹಾಗೇ. ಗಣಿತದಲ್ಲಿ ಪಾಸು ಮಾಡಪ್ಪಾ ಎಂದು ನಾನು ದಿನಾ ಬೇಡಿಕೊಂಡ ವರ್ಷ ಗೋಕಾಕದಲ್ಲಿ ಅವನು ಶಾಲೆಗೇ ಮೊದಲಿಗನಾದ, ಹುಕ್ಕೇರಿಯಲ್ಲಿ ನಾನು ನಪಾಸಾದೆ. ಪೂಜೆ ಯಾರದು, ಪ್ರಸಾದ ಯಾರಿಗೆ! ಆದರೂ ಬದಲಿಸುವ ಮನಸ್ಸಾಗಲಿಲ್ಲ. ಯಾಕೆಂದು ಹದಿನೇಳಕ್ಕೆ ಗೊತ್ತಾಯಿತು. ಅವನಿಗೂ ಗೊತ್ತಿತ್ತು.

ಹದಿನೆಂಟಕ್ಕೆ ಆಯಿಯೇ ಲಗ್ನದ ಮಾತು ತೆಗೆದಳು. ಹಿರಿಯರು ಕೂತರು, ಗೋತ್ರದಂತೆ ಮನೆತನಕ್ಕೊಂದಿರುವ ಬೆಡಗು ಕೇಳಿದರು. ಇಬ್ಬರದೂ ಒಂದೇ ಬೆಡಗು ಬಂತು. ಒಂದೇ ಬೆಡಗಿನವರು ಅಣ್ಣತಂಗಿ ಇದ್ದಂತೆ, ಲಗ್ನ ಕೂಡುವುದಿಲ್ಲ. ಬಶಿಯೊಳಗಿನ ಚಹಾ ಆರುವ ಮೊದಲೇ ಮಾತು ಮುಗಿಯಿತು. ಎರಡು ದಿನ ಅತ್ತೆ. ಪೂಜೆ ಮಾಡಿಯೇ ಅತ್ತೆ, ಆಯಿಯ ಕಟ್ಟಳೆ ಮುರಿಯಲಿಲ್ಲ. ಆಮೇಲೆ ನನಗೂ ಒಳ್ಳೆಯ ಮನೆ ಸಿಕ್ಕಿತು, ಅವನಿಗೂ ಸಿಕ್ಕಿತು. ನಮ್ಮ ಯಜಮಾನರಿಗೆ ಈ ಕಥೆ ಪೂರಾ ಗೊತ್ತು. ನಾನು ಸಿಟ್ಟು ಮಾಡಿದಾಗಲೆಲ್ಲ "ನಿನ್ನ ಜೀವಾ ಗೋಕಾಕದಾಗ ಐತಿ, ಇಲ್ಲಿ ಬರೇ ಬಾಯಿ ಐತಿ" ಎಂದು ಕಾಡುತ್ತಾರೆ.

ಕಳೆದ ವರ್ಷ ಗೋಕಾಕದ ಒಂದು ಲಗ್ನದಲ್ಲಿ ಊಟದ ಸಾಲಿನಲ್ಲಿ ಮಲ್ಲು ಸಿಕ್ಕ. ತಲೆ ಪೂರ್ತಿ ಬೆಳ್ಳಗಾಗಿತ್ತು.

"ಏನ ಶಾಂತಾ, ಆರಾಮ? ಗೀರು ಐತೇನ ಇನ್ನೂ?"

"ಎಲ್ಲಿ ಹೋಗತೈತಿ?"

"ಬದ್ಲಿ ಮಾಡ್ಕೊಳ್ಳೂನೇನ?" ಎಂದ, ನಗುತ್ತಲೇ.

"ಗಿಡಾ ಹತ್ತೂದು ಬಿಟ್ಟಿಯೋ ಇಲ್ಲೋ?"

"ಮೊಣಕಾಲು ಬಿಡಿಸ್ಯಾವ."

"ಹಂಗಾರ ಇರಲಿ ಬಿಡು. ನನ್ನ ಜೀವಕ್ಕ ಧೋಕಾ ಇಲ್ಲ."

ಇಬ್ಬರೂ ಪಂಕ್ತಿ ತಿರುಗಿ ನೋಡುವಷ್ಟು ನಕ್ಕೆವು. ನಗುತ್ತಾ ನಗುತ್ತಾ ನನ್ನ ಕಣ್ಣು ತುಂಬಿದವು, ಅವನು ತಾಟು ನೋಡಿದ.

ಈಗ ಆಯಿ ಇಲ್ಲ. ಹುಣಸೆ ಮರ ಕಡಿದು ರಸ್ತೆ ಮಾಡಿದ್ದಾರೆ. ನನ್ನ ಮೊಮ್ಮಗಳ ಕರಡಿಗೆ ಲಗ್ನ ಮುಂಜಿಗೆ ಮಾತ್ರ ಕಪಾಟಿನಿಂದ ಹೊರಗೆ ಬರುತ್ತದೆ, ಅದಲು ಬದಲಾಗುವ ಭಯವೇ ಅವಳಿಗಿಲ್ಲ. ನನ್ನ ಜೀವ ನಿನ್ನ ಹತ್ತಿರವಿದೆ ಎಂದು ನಡುಬೀದಿಯಲ್ಲಿ ಚೀರುವ ಧೈರ್ಯ ನನಗೂ ಹನ್ನೊಂದರ ನಂತರ ಮತ್ತೆ ಬರಲಿಲ್ಲ.

ಲಗ್ನದಿಂದ ಬಂದ ಮರುದಿನ ಬೆಳಿಗ್ಗೆ ಪೂಜೆಗೆ ಕೂತೆ. ಹೆಬ್ಬೆರಳಿಗೆ ಗೀರು ತಾಗಿತು. "ಮೊಣಕಾಲು ನೋವು ಕಡಿಮಿ ಮಾಡಪಾ ಶಿವನ" ಎಂದೆ. ನನ್ನ ಮೊಣಕಾಲು ಗಟ್ಟಿಮುಟ್ಟಾಗಿವೆ.